ಹನ್ನೆರಡು ನಿಮಿಷದ ಹೊಣೆ: ಕ್ಯಾಂಪಸ್ ಮತ್ತು ಸಮುದಾಯ ಬಾನುಲಿಯಲ್ಲಿ ಜಾಹೀರಾತು



ಈ ದತ್ತಿ ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಂಘಟಕರು ನನಗೇ ಬಿಟ್ಟಿದ್ದರು. ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇತಿಹಾಸ, ಜಾನಪದ ಎಂಬ ರೂಢಿಯಿದೆ. ನಾನು ರೇಡಿಯೋ ಜಾಹೀರಾತಿನ ನಿಯಂತ್ರಣ ಎಂಬ, ಕೇಳಲು ಸ್ವಲ್ಪ ಕಚೇರಿ ವಾಸನೆಯ ವಿಷಯವನ್ನು ಆರಿಸಿಕೊಂಡಿದ್ದೇನೆ. ಕಾರಣ ನಮ್ಮ ಸುತ್ತಲೇ ಇದೆ. ಇದೇ ಪುತ್ತೂರಿನ ನೆಹರೂನಗರದಲ್ಲಿ, ವಿವೇಕಾನಂದ ವಿದ್ಯಾಸಂಸ್ಥೆಗಳ ಆಶ್ರಯದಲ್ಲಿ ರೇಡಿಯೋ ಪಾಂಚಜನ್ಯ 90.8 ಎಫ್‌ಎಂ ಇದೆ. ಪಕ್ಕದ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ರೇಡಿಯೋ ನಿನಾದ, ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ರೇಡಿಯೋ ಸಾರಂಗ್, ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್ ಇವೆ. ಅವಿಭಜಿತ ದಕ್ಷಿಣ ಕನ್ನಡದ ಈ ಸಣ್ಣ ಬಾನುಲಿಗಳಿಗೆಲ್ಲ ಒಂದು ಸಮಾನ ಗುಣವಿದೆ: ಇವೆಲ್ಲ ಶಿಕ್ಷಣ ಸಂಸ್ಥೆಗಳ ಅಂಗಳದಲ್ಲಿ ಹುಟ್ಟಿದವು. ಕ್ಯಾಂಪಸ್ ರೇಡಿಯೋ, ಸಮುದಾಯ ರೇಡಿಯೋ ಎಂದು ಬೇರೆ ಕಡೆ ಎರಡು ಮಾತು ಆಡಬಹುದು. ನಮ್ಮಲ್ಲಿ ಅವೆರಡೂ ಒಂದೇ ಗೋಪುರದ ಮೇಲಿವೆ. ಆದ್ದರಿಂದ ಜಾಹೀರಾತಿನ ಪ್ರಶ್ನೆ ಇಲ್ಲಿ ಬೇರೆಡೆಗಿಂತ ಸೂಕ್ಷ್ಮವಾಗುತ್ತದೆ.

ಇಂದಿನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿರುವ ನಿಯಮ ಹೇಗೆ ಬೆಳೆದು ಬಂತು ಎಂಬುದು ಮೊದಲನೆಯದು. ಪುತ್ತೂರು, ಸುಳ್ಯ, ಕಡಬ ಎಂಬ ನಮ್ಮ ಮೂರು ತಾಲೂಕುಗಳ ನೆಲ, ಭಾಷೆ, ವ್ಯಾಪಾರಗಳಲ್ಲಿ ಆ ನಿಯಮ ಹೇಗೆ ಕಾಣುತ್ತದೆ ಎಂಬುದು ಎರಡನೆಯದು. ನಿಯಮದ ಕಣ್ಣಿಗೆ ಬೀಳದೆ ಉಳಿಯುವ ಜಾಹೀರಾತುಗಳು ಯಾವುವು ಎಂಬುದು ಮೂರನೆಯದು. ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇನೆ. ಕೊನೆಯಲ್ಲಿ ನಾವೇ ಇಲ್ಲಿ ಏನು ಮಾಡಬಹುದು ಎಂಬುದು. ಯಾವುದೇ ಒಂದು ಕೇಂದ್ರದ ನಡೆಯನ್ನು ನಾನು ವಿಮರ್ಶಿಸುತ್ತಿಲ್ಲ. ವ್ಯವಸ್ಥೆಯ ಬಗ್ಗೆ ಮಾತ್ರ ಮಾತಾಡುತ್ತಿದ್ದೇನೆ. ನನ್ನ ನಿಲುವನ್ನೂ ಮುಚ್ಚಿಡುವುದಿಲ್ಲ. ಗಂಟೆಗೆ ಎಷ್ಟು ನಿಮಿಷ ಜಾಹೀರಾತು ಎಂಬ ಲೆಕ್ಕದ ಮೇಲೆಯೇ ನಮ್ಮ ನಿಯಂತ್ರಣವೆಲ್ಲ ನಿಂತಿದೆ. ಆ ನಿಮಿಷವನ್ನು ಯಾರು ಕೊಂಡರು, ಕೊಂಡದ್ದು ಕೇಳುಗರಿಗೆ ಗೊತ್ತಾಯಿತೇ, ಕೊಡಬಹುದೆಂದು ತೀರ್ಮಾನಿಸಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಯಾರೂ ಕೇಳುತ್ತಿಲ್ಲ. ಅವನ್ನು ಕೇಳಬೇಕಾದವರು ದೆಹಲಿಯವರಲ್ಲ, ಈ ಊರಿನವರು.

ಮೊದಲ ವಿಷಯಕ್ಕೆ ಬರುತ್ತೇನೆ.

ಕನ್ನಡ ನಾಡಿನ ಮೊದಲ ಬಾನುಲಿಯೇ ಒಬ್ಬ ಅಧ್ಯಾಪಕರ ಮನೆಯಿಂದ ಬಂತೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಸಾರ ಯಂತ್ರವನ್ನಿಟ್ಟುಕೊಂಡು ಆಕಾಶವಾಣಿ ಎಂಬ ಹೆಸರಿನಲ್ಲಿ ಪ್ರಸಾರ ಆರಂಭಿಸಿದರು. ಸ್ವಂತ ಹಣ, ಅನಂತರ ನಗರಸಭೆಯ ನೆರವು, ಕೊನೆಗೆ ಮೈಸೂರು ಸಂಸ್ಥಾನದ ಸ್ವಾಧೀನ: ಇದು ಅದರ ಹಾದಿ. ಸಣ್ಣ ಬಾನುಲಿಗೆ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಅಂದೇ ಹುಟ್ಟಿತ್ತು. ರಾಷ್ಟ್ರಮಟ್ಟದ ಆಕಾಶವಾಣಿಯಂಥ ದೊಡ್ಡ ಸಂಸ್ಥೆಯೂ ಬಹುಕಾಲ ಜಾಹೀರಾತಿಗೆ ಬಾಗಿಲು ಮುಚ್ಚಿಕೊಂಡಿತ್ತು. 1957ರಲ್ಲಿ ಆರಂಭವಾದ ವಿವಿಧ ಭಾರತಿಯಲ್ಲಿ ಮೊದಲ ವಾಣಿಜ್ಯ ಪ್ರಕಟಣೆ ಕೇಳಿಬಂದದ್ದು ಹತ್ತು ವರ್ಷಗಳ ಮೇಲೆ, 1967ರ ನವೆಂಬರಿನಲ್ಲಿ. ಆ ಹೊತ್ತಿಗೆ ಜನ ರೇಡಿಯೋ ಸಿಲೋನಿನಲ್ಲಿ ಹಾಡಿನ ಜೊತೆ ಟೂತ್‌ಪೇಸ್ಟಿನ ಹೆಸರನ್ನೂ ಕೇಳಿ ಕಂಠಪಾಠ ಮಾಡಿಕೊಂಡಾಗಿತ್ತು.

1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂಗಾಳದ ಕ್ರಿಕೆಟ್ ಸಂಸ್ಥೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಒಂದು ಐತಿಹಾಸಿಕ ತೀರ್ಪು ಕೊಟ್ಟಿತು. ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು. ಅವುಗಳ ಮೇಲೆ ಸರಕಾರದ ಏಕಸ್ವಾಮ್ಯವೂ ಸಲ್ಲದು, ಖಾಸಗಿ ಏಕಸ್ವಾಮ್ಯವೂ ಸಲ್ಲದು ಎಂಬುದು ಅದರ ತಿರುಳು. ಮರುವರ್ಷ ಸಮುದಾಯ ಬಾನುಲಿಗಾಗಿ ಹೊರಟ ಘೋಷಣೆಗೆ ಬೆಂಗಳೂರಿನದೇ ಹೆಸರಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ನಮ್ಮ ಧ್ವನಿ ಎಂಬ ಕೇಂದ್ರ, ಪರವಾನಗಿಗೆ ದಾರಿಯೇ ಇಲ್ಲದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕ ಮನೆಮನೆಗೆ ಧ್ವನಿ ಮುಟ್ಟಿಸಿತು. 2002ರ ಕೊನೆಯಲ್ಲಿ ಕೇಂದ್ರ ಸರಕಾರ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶ ಕೊಟ್ಟಿತು. ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ 2004ರ ಫೆಬ್ರವರಿಯಲ್ಲಿ ಆರಂಭವಾಯಿತು. 2006ರ ನವೆಂಬರಿನ ಮಾರ್ಗಸೂಚಿಗಳು ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಬಾಗಿಲು ತೆರೆದವು.

ಜಾಹೀರಾತಿನ ಮಾತು ಸ್ಪಷ್ಟವಾಗಿ ಬಂದದ್ದು ಆ 2006ರ ಮಾರ್ಗಸೂಚಿಗಳಲ್ಲಿ. ಸ್ಥಳೀಯ ಕಾರ್ಯಕ್ರಮ, ಸ್ಥಳೀಯ ವ್ಯಾಪಾರ ಮತ್ತು ಸೇವೆ, ಉದ್ಯೋಗಾವಕಾಶಗಳ ಬಗ್ಗೆ ಮಿತವಾದ ಜಾಹೀರಾತು ಇರಬಹುದು. ಗಂಟೆಗೆ 5 ನಿಮಿಷ ಮೀರಬಾರದು. ಪ್ರಾಯೋಜಿತ ಕಾರ್ಯಕ್ರಮ ಕೂಡದು. ಸರಕಾರಗಳೂ ಇತರ ಸಂಸ್ಥೆಗಳೂ ಸಾರ್ವಜನಿಕ ಹಿತದ ಮಾಹಿತಿಗಾಗಿ ಪ್ರಾಯೋಜಿಸಿದರೆ ಅಡ್ಡಿಯಿಲ್ಲ. ಬಂದ ಹಣ ಕೇಂದ್ರದ ಖರ್ಚಿಗೇ ಹೋಗಬೇಕು. ಪ್ರಸಾರವಾದ ಎಲ್ಲವನ್ನೂ 3 ತಿಂಗಳು ಧ್ವನಿಮುದ್ರಿಸಿ ಇಟ್ಟುಕೊಳ್ಳಬೇಕು. ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಮತ್ತು ಜಾಹೀರಾತು ಸಂಹಿತೆಗಳು ಸಮುದಾಯ ಬಾನುಲಿಗೂ ಅನ್ವಯ. 5 ನಿಮಿಷ ಮುಂದೆ 7 ಆಯಿತು. 2024ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಬಿಡುಗಡೆಯಾದ ಪರಿಷ್ಕೃತ ಮಾರ್ಗಸೂಚಿಗಳು ಅದನ್ನು 12ಕ್ಕೆ ಏರಿಸಿದವು. ಟಿವಿ ವಾಹಿನಿಗಳಿಗೆ ಇರುವ ಮಿತಿಯೂ ಅಷ್ಟೇ. ಸರಕಾರಿ ಜಾಹೀರಾತಿಗೆ 10 ಸೆಕೆಂಡಿಗೆ 52 ರೂಪಾಯಿ ಇದ್ದ ದರ 74 ರೂಪಾಯಿ ಆಯಿತು.

ಇದರ ಲೆಕ್ಕ ಸರಳ. ಗಂಟೆಗೆ 7 ನಿಮಿಷವೆಂದರೆ 10 ಸೆಕೆಂಡಿನ 42 ತುಣುಕುಗಳು. 52 ರೂಪಾಯಿಯಂತೆ 2,184 ರೂಪಾಯಿ. ಈಗ 12 ನಿಮಿಷಕ್ಕೆ 72 ತುಣುಕುಗಳು; 74ರಂತೆ 5,328 ರೂಪಾಯಿ. ಕಾಗದದ ಮೇಲೆ ಆದಾಯ ದುಪ್ಪಟ್ಟಿಗಿಂತ ಹೆಚ್ಚು. ಆದರೆ ಆ 72 ತುಣುಕುಗಳನ್ನು ಸರಕಾರಿ ದರದಲ್ಲಿ ಪ್ರತಿ ಗಂಟೆಯೂ ತುಂಬಿಸಿಕೊಳ್ಳಬಲ್ಲ ಹಳ್ಳಿಯ ಕೇಂದ್ರ ಎಲ್ಲಿದೆ? ಖಾಲಿ ಉಳಿಯುವ ನಿಮಿಷಗಳಿಗೆ ಮಿತಿ ಏರಿಸಿದರೂ ಒಂದೇ, ಇಳಿಸಿದರೂ ಒಂದೇ. ಖಾಲಿ ನಿಮಿಷವನ್ನು ಹೇಗಾದರೂ ಮಾರಬೇಕೆಂಬ ಒತ್ತಡ ಬಂದಾಗ ಯಾರು ಬಾಗಿಲು ತಟ್ಟುತ್ತಾರೆ ಎಂಬುದನ್ನು ನಾವು ನೋಡಬೇಕು.

ಈಗ ಎರಡನೆಯ ವಿಷಯ, ನಮ್ಮ ನೆಲ.

ಸಮುದಾಯ ಬಾನುಲಿಯ ಶಕ್ತಿ ಸಾಮಾನ್ಯವಾಗಿ 100 ವಾಟ್ ಮೀರುವಂತಿಲ್ಲ. 5ರಿಂದ 10 ಕಿಲೋಮೀಟರ್ ಕೇಳಿಸಿದರೆ ಸಾಕೆಂಬುದು 2006ರ ನಿಯಮದ ಲೆಕ್ಕ. ಬಯಲುಸೀಮೆಯಲ್ಲಿ ಈ ಲೆಕ್ಕ ಸರಿ. ನಮ್ಮಲ್ಲಿ ಎಫ್‌ಎಂ ಅಲೆ ಒಂದು ಗುಡ್ಡ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಪುತ್ತೂರು ಪೇಟೆಯಲ್ಲಿ ಸ್ವಚ್ಛವಾಗಿ ಕೇಳಿಸುವ ಧ್ವನಿ ಕುಮಾರಧಾರೆಯ ಆಚೆ ಕಡಬದ ಕಣಿವೆಗಳಲ್ಲಿ, ಮಡಿಕೇರಿ ರಸ್ತೆಯಲ್ಲಿ ಸುಳ್ಯ ದಾಟಿ ಅರಂತೋಡು, ಸಂಪಾಜೆಗಳ ಕಡೆ ಕೇಳಿಸಬೇಕೆಂದರೆ ಅದು ಸಣ್ಣ ಯಂತ್ರದ ಕೆಲಸವಲ್ಲ. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲೂಕು ರೂಪುಗೊಂಡು, ಕುಕ್ಕೆ ಸುಬ್ರಹ್ಮಣ್ಯವೂ ಅದರಲ್ಲಿ ಸೇರಿತು. ಜನರ ಓಡಾಟ ಮಾತ್ರ ಹಳೆಯ ದಾರಿಯಲ್ಲೇ ಇದೆ. ಕಡಬದವರು ಜವಳಿಗೆ, ಆಸ್ಪತ್ರೆಗೆ ಪುತ್ತೂರಿಗೆ ಬರುತ್ತಾರೆ. ಸುಳ್ಯದವರು ಮಕ್ಕಳ ಕಾಲೇಜಿಗೆ ತಮ್ಮ ಪೇಟೆಯಲ್ಲೇ ಇರುವ ಕುರುಂಜಿ ವೆಂಕಟ್ರಮಣ ಗೌಡರ ಸಂಸ್ಥೆಗಳನ್ನೋ ಮಂಗಳೂರನ್ನೋ ನೋಡುತ್ತಾರೆ. ಹಾಗಾದರೆ ನಿಯಮ ಹೇಳುವ ಸ್ಥಳೀಯ ವ್ಯಾಪಾರಿ ಯಾರು? ಅಲೆ ಮುಟ್ಟುವಷ್ಟು ದೂರದಲ್ಲಿ ಅಂಗಡಿ ಇಟ್ಟವರೇ, ಅಥವಾ ಆ ಊರಿನ ಗಿರಾಕಿಯಿರುವ ಎಲ್ಲರೂ ಸೇರುತ್ತಾರೆಯೇ? ಮಂಗಳೂರಿನ ಚಿನ್ನದ ಮಳಿಗೆ ಪುತ್ತೂರಿನಲ್ಲಿ ಶಾಖೆ ತೆರೆದರೆ ಅದು ಸ್ಥಳೀಯವೇ?

ನನ್ನ ದೃಷ್ಟಿಯಲ್ಲಿ ಇದಕ್ಕೆ ಕಿಲೋಮೀಟರ್ ಲೆಕ್ಕದ ಉತ್ತರ ಬೇಡ. ದೂರು ಕೊಡಲು ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆಗೆ ಮರಳಬಹುದಾದ ಅಂಗಡಿ ಸ್ಥಳೀಯ. ಸಸಿ ಒಣಗಿದರೆ ನರ್ಸರಿಯವರನ್ನು ಮುಖಾಮುಖಿ ಕೇಳಬಹುದು. ಅಡಿಕೆ ಸುಲಿಯುವ ಯಂತ್ರ ಕೆಟ್ಟರೆ ಮಾರಿದವರನ್ನು ಹಿಡಿಯಬಹುದು. ಈ ಉತ್ತರದಾಯಿತ್ವವೇ ಸ್ಥಳೀಯ ಜಾಹೀರಾತಿನ ಬೆಲೆ.

ಈ ಭಾಗದಲ್ಲಿ ಸ್ಥಳೀಯ ಜಾಹೀರಾತಿನ ಸಂಸ್ಕೃತಿ ಗಟ್ಟಿಯಾಗಿದೆ. ನಮ್ಮ ತಾಲೂಕು ಪತ್ರಿಕೆಗಳನ್ನು ಬಿಡಿಸಿ ನೋಡಿ: ಗೃಹಪ್ರವೇಶ, ಮದುವೆಯ ಶುಭಾಶಯ, ಉತ್ತರಕ್ರಿಯೆ, ಬ್ರಹ್ಮಕಲಶೋತ್ಸವ, ನೇಮ, ಬಯಲಾಟ, ಹೊಸ ಅಂಗಡಿಯ ಶುಭಾರಂಭ. ಇವನ್ನು ಜನ ಜಾಹೀರಾತೆಂದು ದೂರ ಇಡುವುದಿಲ್ಲ, ಊರ ಸುದ್ದಿಯಾಗಿಯೇ ಓದುತ್ತಾರೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತು, ಸುಣ್ಣ ಎಲ್ಲಿ ದೊರೆಯುತ್ತದೆ, ಕೊಳೆರೋಗಕ್ಕೆ ಮದ್ದು ಬಿಡುವ ತಂಡ ಯಾವ ಊರಿನಲ್ಲಿದೆ, ದೋಟಿ ಬಳಸಲು ತರಬೇತಿ ಎಲ್ಲಿ ಎಂಬ ಮಾಹಿತಿಗೆ ಹಣ ಕೊಟ್ಟವರು ಇದ್ದರೂ ಅದು ಕೃಷಿಕನಿಗೆ ಬೇಕಾದ ಮಾತೇ. ಸಮುದಾಯ ಬಾನುಲಿಯಲ್ಲಿ ಜಾಹೀರಾತೇ ಬೇಡವೆನ್ನುವವರ ಜೊತೆ ನಾನಿಲ್ಲ. ಅಮೆರಿಕದ ವಾಣಿಜ್ಯೇತರ ಶೈಕ್ಷಣಿಕ ಕೇಂದ್ರಗಳು ಜಾಹೀರಾತು ಹಾಕುವಂತಿಲ್ಲ. ನೆರವಿತ್ತವರ ಹೆಸರು ಹೇಳಬಹುದು, ಬೆಲೆ ಹೇಳುವಂತಿಲ್ಲ, ಬನ್ನಿ ಕೊಳ್ಳಿ ಎನ್ನುವಂತಿಲ್ಲ. ದಾನಿಗಳ ದೊಡ್ಡ ಪರಂಪರೆಯುಳ್ಳ ಅಲ್ಲಿಗೆ ಅದು ಹೊಂದುತ್ತದೆ. ಇಲ್ಲಿ ಆ ಕಟ್ಟುಪಾಡು ಬಂದರೆ ಬಾನುಲಿ ಮಾತೃಸಂಸ್ಥೆಯ ಕೃಪೆಯಲ್ಲಿ ಮಾತ್ರ ಬದುಕಬೇಕಾದೀತು.

ಇದೇ ವಿಷಯದೊಳಗೆ ಭಾಷೆಯ ಮಾತನ್ನು ಸೇರಿಸುತ್ತೇನೆ. ತುಳು, ಅರೆಭಾಷೆ, ಬ್ಯಾರಿ, ಹವ್ಯಕ, ಮಲಯಾಳ, ಕೊಂಕಣಿ, ಮರಾಟಿ: ಈ ಮೂರು ತಾಲೂಕುಗಳ ಅಡುಗೆಮನೆಗಳಲ್ಲಿ ಇಷ್ಟೂ ಭಾಷೆಗಳಿವೆ. ಕನ್ನಡದ ಜಾಹೀರಾತನ್ನು ಕೇಳುವಾಗ ಮನಸ್ಸು ಸ್ವಲ್ಪ ಎಚ್ಚರದಲ್ಲಿರುತ್ತದೆ. ಅದು ಪೇಟೆಯ, ಟಿವಿಯ ಭಾಷೆ. ಅದೇ ಮಾತು ಅರೆಭಾಷೆಯಲ್ಲಿ, ಪರಿಚಿತ ಧ್ವನಿಯಲ್ಲಿ ಬಂದಾಗ ನೆಂಟರು ಜಗಲಿಯಲ್ಲಿ ಕೂತು ಹೇಳಿದಂತಾಗುತ್ತದೆ. ನಂಬಿಕೆ ಪ್ರಶ್ನೆ ಕೇಳದೆ ಒಳಗೆ ಬರುತ್ತದೆ. ಆದ್ದರಿಂದ ಮನೆಭಾಷೆಯ ಜಾಹೀರಾತಿಗೆ ಹೆಚ್ಚು ಎಚ್ಚರ ಬೇಕು. ಇದು ಜಾಹೀರಾತು ಎಂಬ ಘೋಷಣೆಯೂ ಅದೇ ಭಾಷೆಯಲ್ಲಿ ಬರಬೇಕು. ತುಳುವಿನಲ್ಲಿ ಮಾರಿ, ಕೊನೆಗೆ ಅವಸರದ ಇಂಗ್ಲಿಷಿನಲ್ಲಿ ಷರತ್ತು ಹೇಳುವ ಪದ್ಧತಿ ನಮ್ಮ ಬಾನುಲಿಗಳಿಗೆ ಶೋಭಿಸದು.

ಇನ್ನು ಮೂರನೆಯ ಹಾಗೂ ಮುಖ್ಯ ವಿಷಯಕ್ಕೆ ಬರೋಣ: ನಿಮಿಷದ ಗಡಿಯಾರಕ್ಕೆ ಸಿಗದ ಜಾಹೀರಾತು.

ಇವುಗಳಲ್ಲಿ ಮೊದಲನೆಯದು ಮಾತೃಸಂಸ್ಥೆಯದು. ಬಾನುಲಿಯ ಪರವಾನಗಿ ಇರುವುದು ಶಿಕ್ಷಣ ಸಂಸ್ಥೆಯ ಹೆಸರಿನಲ್ಲಿ. ವಿದ್ಯುತ್ ಬಿಲ್ಲು, ಸಿಬ್ಬಂದಿಯ ಸಂಬಳ, ಸ್ಟುಡಿಯೋ ಕಟ್ಟಡ ಎಲ್ಲ ಆ ಸಂಸ್ಥೆಯದೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಹೊತ್ತಿಗೆ ಕಾಲೇಜುಗಳ ನಡುವೆ ಪ್ರವೇಶಾತಿಯ ಪೈಪೋಟಿ ಎಷ್ಟು ತೀವ್ರವೆಂಬುದು ಇಲ್ಲಿರುವ ಪೋಷಕರಿಗೆ ಗೊತ್ತು. ರಸ್ತೆಯ ಇಕ್ಕೆಲಗಳಲ್ಲೂ ರ‍್ಯಾಂಕ್ ಪಡೆದ ಮಕ್ಕಳ ಮುಖಗಳು. ಆಗ ಕಾಲೇಜಿನ ಬಾನುಲಿಯಲ್ಲಿ ಆ ಕಾಲೇಜಿನ ಫಲಿತಾಂಶ, ಹಾಸ್ಟೆಲ್, ನೀಟ್ ತರಬೇತಿಯ ವರ್ಣನೆ ಬಂದರೆ ಅದನ್ನು ಏನೆನ್ನಬೇಕು? ಹಣ ಕೈ ಬದಲಾಗಿಲ್ಲ, ಆದ್ದರಿಂದ ಜಾಹೀರಾತಲ್ಲ ಎನ್ನಬಹುದು. ಶೈಕ್ಷಣಿಕ ಮಾಹಿತಿ ಎಂದೂ ಹೇಳಬಹುದು. ಕೇಳುಗನ ಕಡೆಯಿಂದ ನೋಡಿದರೆ ಅದು ಶುದ್ಧ ಜಾಹೀರಾತು. ಪ್ರತಿಸ್ಪರ್ಧಿ ಕಾಲೇಜಿಗೆ ಅದೇ ಅಲೆಯಲ್ಲಿ ಜಾಗವಿಲ್ಲವಾದ್ದರಿಂದ ಇನ್ನೂ ಪ್ರಬಲವಾದದ್ದು.

ಸಂಸ್ಥೆಗಳನ್ನು ಕಟ್ಟಿದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಬಾನುಲಿಯನ್ನು ನಷ್ಟದಲ್ಲಿ ನಡೆಸುತ್ತಿರುವವರೂ ಅವರೇ. ಆದರೆ ಪರವಾನಗಿ ಸಂಸ್ಥೆಯದ್ದಾದರೂ ಅಲೆ ಜನರದ್ದು. 1995ರ ತೀರ್ಪು ಹೇಳಿದ್ದೇ ಅದನ್ನು. ಮಾತೃಸಂಸ್ಥೆಯ ಸ್ವಪ್ರಚಾರವನ್ನು 12 ನಿಮಿಷದ ಲೆಕ್ಕದೊಳಗೇ ಎಣಿಸಬೇಕೆಂಬುದು ನನ್ನ ಸಲಹೆ. ಅಲ್ಲಿ ಕಲಿಯುವ ವಿದ್ಯಾರ್ಥಿಯೊಬ್ಬಳು ತನ್ನ ಯೋಜನೆಯ ಬಗ್ಗೆ ಮಾತಾಡಿದರೆ ಅದು ಕಾರ್ಯಕ್ರಮ. ಸೀಟುಗಳು ಮುಗಿಯುತ್ತಿವೆ, ಇಂದೇ ಬನ್ನಿ ಎಂದರೆ ಜಾಹೀರಾತು. ಈ ಗೆರೆ ಎಳೆಯುವುದು ಕಷ್ಟವೇನಲ್ಲ. ಕೋಚಿಂಗ್ ಕೇಂದ್ರಗಳ ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಖಚಿತ ಆಯ್ಕೆಯ ಸುಳ್ಳು ಭರವಸೆಗೆ ಅದು ತಡೆಯೊಡ್ಡುತ್ತದೆ. ನಮ್ಮ ಕ್ಯಾಂಪಸ್ ಬಾನುಲಿಗಳು ಆ ಮಟ್ಟವನ್ನು ತಮ್ಮ ಮಾತೃಸಂಸ್ಥೆಗೂ ಅನ್ವಯಿಸಿಕೊಂಡರೆ ಮಕ್ಕಳ ಮುಂದೆ ನೈತಿಕ ಎತ್ತರ ಉಳಿಯುತ್ತದೆ. ಅದೇ ಮಕ್ಕಳು ಪತ್ರಿಕೋದ್ಯಮ ತರಗತಿಯಲ್ಲಿ ಸುದ್ದಿ ಬೇರೆ, ಜಾಹೀರಾತು ಬೇರೆ ಎಂಬ ಪಾಠ ಓದಿ, ಸಂಜೆ ಸ್ಟುಡಿಯೋದಲ್ಲಿ ಕೂರುವವರು.

ಎರಡನೆಯದು ಸಂದರ್ಶನದ ವೇಷದಲ್ಲಿ ಬರುವ ಜಾಹೀರಾತು. ಆರೋಗ್ಯ ಕಾರ್ಯಕ್ರಮವೆಂದು ಅರ್ಧ ಗಂಟೆಯ ಮಾತು. ಅತಿಥಿ ಒಂದು ಔಷಧಿಯ, ಒಂದು ಚಿಕಿತ್ಸಾಲಯದ ಗುಣಗಾನ ಮಾಡುತ್ತಾರೆ. ಕೊನೆಗೆ ಫೋನ್ ಸಂಖ್ಯೆ. ಇದು ಗಂಟೆಗೆ 12 ನಿಮಿಷದ ಲೆಕ್ಕಕ್ಕೆ ಬರುವುದೇ ಇಲ್ಲ. ನಾಟಿ ವೈದ್ಯದ ಪರಂಪರೆ ನಮ್ಮಲ್ಲಿ ಜೀವಂತವಾಗಿದೆ. ಗಿಡಮೂಲಿಕೆಗಳನ್ನು ಬಲ್ಲ ಹಿರಿಯರ ಮಾತನ್ನು ಧ್ವನಿಮುದ್ರಿಸಿ ಉಳಿಸಬೇಕಾದದ್ದೇ ಸಮುದಾಯ ಬಾನುಲಿಯ ಧರ್ಮ. ಆದರೆ ಸಕ್ಕರೆ ಕಾಯಿಲೆ ಪೂರ್ತಿ ಗುಣ ಮಾಡುತ್ತೇವೆಂದು ಔಷಧಿ ಮಾರುವ ಮಾತು ಬೇರೆ. 1954ರಷ್ಟು ಹಿಂದೆಯೇ, ಆಕ್ಷೇಪಾರ್ಹ ಔಷಧ ಜಾಹೀರಾತುಗಳ ವಿರುದ್ಧ ಕೇಂದ್ರ ಕಾಯ್ದೆ ಬಂದಿದೆ. ಮಧುಮೇಹ, ಕ್ಯಾನ್ಸರ್, ಅಪಸ್ಮಾರ, ಪಾರ್ಶ್ವವಾಯು ಮೊದಲಾದ ಕಾಯಿಲೆಗಳ ದೊಡ್ಡ ಪಟ್ಟಿಯೇ ಅದರಲ್ಲಿದ್ದು, ಅವನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು ಅಪರಾಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡವಿದೆ. ಅನುಮೋದಿಸಿ ಮಾತಾಡಿದವರೂ ಹೊಣೆಗಾರರಾಗಬಹುದು. ನಾನು ಬಳಸಿದ್ದೇನೆ, ನೀವೂ ಬಳಸಿ ಎಂದು ಮೈಕಿನ ಮುಂದೆ ಹೇಳುವ ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ನಿರೂಪಕನಿಗೆ ಈ ಹೊಣೆಯ ಅರಿವನ್ನು ಯಾರು ಕೊಟ್ಟಿದ್ದಾರೆ? ಜಾಹೀರಾತಿನ ಪಠ್ಯವನ್ನು ಓದಲು ವಿದ್ಯಾರ್ಥಿಗಳನ್ನು ಕೂರಿಸುವ ಮೊದಲು ಈ ಕಾಯ್ದೆಗಳನ್ನು ಅವರಿಗೆ ಕಲಿಸುವುದು ಸಂಸ್ಥೆಯ ಕರ್ತವ್ಯ.

ಮೂರನೆಯದು ನಮ್ಮ ತೋಟದೊಳಗಿನದು. ಸುಳ್ಯದ ಸಂಪಾಜೆ, ಅರಂತೋಡು, ಮರ್ಕಂಜ ಭಾಗಗಳಲ್ಲಿ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನೇ ತಿಂದುಹಾಕಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಸೇರಿಕೊಂಡಿದೆ. ಹಳದಿ ರೋಗಕ್ಕೆ ಇಂದಿಗೂ ಖಚಿತ ಔಷಧಿಯಿಲ್ಲ. ಔಷಧಿಯಿಲ್ಲದ ರೋಗವಿರುವಲ್ಲಿ ಔಷಧಿ ಮಾರುವವರು ಹೆಚ್ಚು. ಕಂಗಾಲಾದ ಕೃಷಿಕನಿಗೆ ರೇಡಿಯೋದಲ್ಲಿ ಕೇಳಿದ ಟಾನಿಕ್ಕಿನ ಹೆಸರು ಕೊನೆಯ ಆಸೆಯಾಗಿ ಕಾಣುತ್ತದೆ. ಕೀಟನಾಶಕದ ವಿಷಯದಲ್ಲಂತೂ ಈ ಸೀಮೆ ಕಲಿಯಬೇಕಾದ ಪಾಠವನ್ನು ಅತ್ಯಂತ ದುಬಾರಿ ಬೆಲೆಗೆ ಕಲಿತಿದೆ. ಗೇರು ತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಕೊಕ್ಕಡದ ಸುತ್ತಮುತ್ತ, ನಮ್ಮ ಈ ತಾಲೂಕುಗಳಲ್ಲಿ, ಆಚೆ ಕಾಸರಗೋಡಿನಲ್ಲಿ ಎಷ್ಟು ಮನೆಗಳ ಮಕ್ಕಳು ಹಾಸಿಗೆ ಹಿಡಿದರು! ಕಡಬ ತಾಲೂಕಿನ ಕೊಯಿಲದಲ್ಲಿ ಅವರಿಗಾಗಿ ಪಾಲನಾ ಕೇಂದ್ರವನ್ನೇ ತೆರೆಯಬೇಕಾಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ತಡೆಹಿಡಿಯುವವರೆಗೂ ಅದು ಸುರಕ್ಷಿತವೆಂದೇ ವಾದಿಸುವವರಿದ್ದರು. ಕೀಟನಾಶಕಗಳ ಕುರಿತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೀತಿಸಂಹಿತೆ, ಜಾಹೀರಾತಿನಲ್ಲಿ ಸುರಕ್ಷಿತ, ವಿಷವಲ್ಲ, ಹಾನಿಯಿಲ್ಲ ಎಂಬ ಮಾತುಗಳನ್ನೇ ಬಳಸಬಾರದೆನ್ನುತ್ತದೆ. ನಮ್ಮ ಮೂರು ತಾಲೂಕುಗಳಿಗೆ ಕೇಳಿಸುವ ಯಾವ ಬಾನುಲಿಯೂ ಕೀಟನಾಶಕ, ಕಳೆನಾಶಕಗಳ ಬ್ರಾಂಡ್ ಜಾಹೀರಾತನ್ನು ಒಪ್ಪಿಕೊಳ್ಳಬಾರದೆಂದು ನಾನು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಇದರಿಂದ ಆದಾಯ ತಪ್ಪುತ್ತದೆ, ನಿಜ. ಕಾಸರಗೋಡು, ವಿಟ್ಲಗಳ ತೋಟಬೆಳೆ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ವಿಜ್ಞಾನಿಗಳನ್ನು, ಪುತ್ತೂರಿನಲ್ಲೇ ಇರುವ ಗೇರು ಸಂಶೋಧನಾ ನಿರ್ದೇಶನಾಲಯದವರನ್ನು ಸ್ಟುಡಿಯೋಗೆ ಕರೆಸಿದರೆ ಕೃಷಿಕನಿಗೆ ಬೇಕಾದ ಮಾತು ಜಾಹೀರಾತಿಲ್ಲದೆಯೇ ಸಿಗುತ್ತದೆ.

ಸರಕಾರಿ ಜಾಹೀರಾತಿನ ಬಗ್ಗೆ ಎರಡೇ ಮಾತು. ಅದು ಸಣ್ಣ ಕೇಂದ್ರಗಳಿಗೆ ದೊಡ್ಡ ಆಸರೆ. ಲಸಿಕೆ, ಮತದಾರರ ಪಟ್ಟಿ, ವಿಮೆಯಂಥ ವಿಷಯಗಳಲ್ಲಿ ಉಪಯುಕ್ತವೂ ಹೌದು. ಆದರೆ ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿ ಆ ಗಿರಾಕಿಯ ಮುಖ ನೋಡಿ ಮಾತಾಡಲು ಕಲಿಯುತ್ತದೆ. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರಿಸುವ ಹಕ್ಕಿಲ್ಲ. ರಸ್ತೆ ಹಾಳಾದ ಮಾತನ್ನು ಊರವರ ಬಾಯಲ್ಲಿ ಹೇಳಿಸುವುದಕ್ಕೂ ಅಂಜಿಕೆಯಾದರೆ ಉಳಿಯುವುದೇನು? ಬ್ರಿಟನ್ ತನ್ನ 2004ರ ಆದೇಶದಲ್ಲಿ ಇದೇ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು: ಸಮುದಾಯ ಬಾನುಲಿಯ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಮೂಲದಿಂದ ಬರಬಾರದು ಎಂದು. ಮುಂದೆ ಅಲ್ಲಿನ ನಿಯಮಗಳು ಸಡಿಲವಾದವು. ಆದರೂ ಹಣದ ಮೂಲವನ್ನು ಅಳೆಯುವ ಆ ಯೋಚನೆ, ನಿಮಿಷವನ್ನು ಅಳೆಯುವ ನಮ್ಮ ಯೋಚನೆಗಿಂತ ಆಳವಾದದ್ದು.

ಕೊನೆಯ ವಿಷಯಕ್ಕೆ ಬಂದಿದ್ದೇನೆ: ನಾವೇನು ಮಾಡಬಹುದು?

2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ 12 ನಿಮಿಷದ ಸಂಗತಿ ಎಲ್ಲ ಕಡೆ ಸುದ್ದಿಯಾಯಿತು. ಅದಕ್ಕಿಂತ ಬೆಲೆಯುಳ್ಳ ಇನ್ನೊಂದು ಅಂಶ ಅಷ್ಟಾಗಿ ಸುದ್ದಿಯಾಗಲಿಲ್ಲ. ಪ್ರತಿ ಕೇಂದ್ರಕ್ಕೂ ಒಂದು ಸಲಹಾ ಮತ್ತು ಕಾರ್ಯಕ್ರಮ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರು ಸ್ಥಳೀಯ ಸಮುದಾಯದವರಾಗಿರಬೇಕು. ಸಮಿತಿಯ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಾಗಿರಬೇಕು ಎಂದು ಅದು ಹೇಳುತ್ತದೆ. ಈ ಸಮಿತಿಗೆ ಜಾಹೀರಾತಿನ ಮೇಲೂ ಅಧಿಕಾರ ಕೊಡಲು ಯಾವ ತಿದ್ದುಪಡಿಯೂ ಬೇಡ. ಸಂಸ್ಥೆ ಮನಸ್ಸು ಮಾಡಿದರೆ ನಾಳೆಯೇ ಕೊಡಬಹುದು. ಕುಂಬ್ರದ ಒಬ್ಬ ಅಡಿಕೆ ಬೆಳೆಗಾರ, ಬೆಳ್ಳಾರೆಯ ಒಬ್ಬ ಆಶಾ ಕಾರ್ಯಕರ್ತೆ, ಕಡಬದ ಒಬ್ಬ ಬೀಡಿ ಕಟ್ಟುವ ಹೆಂಗಸು, ಉಪ್ಪಿನಂಗಡಿಯ ಒಬ್ಬ ಅಂಗಡಿಯವರು, ಒಬ್ಬ ವಿದ್ಯಾರ್ಥಿನಿ ಕೂತು ತಿಂಗಳಿಗೊಮ್ಮೆ ಪ್ರಸಾರವಾದ ಜಾಹೀರಾತುಗಳನ್ನು ಕೇಳಲಿ. 3 ತಿಂಗಳ ಧ್ವನಿಮುದ್ರಣ ಇಟ್ಟುಕೊಳ್ಳಬೇಕೆಂಬ ನಿಯಮವಿರುವುದರಿಂದ ಸಾಮಗ್ರಿ ಕೈಯಲ್ಲೇ ಇರುತ್ತದೆ. ಯಾವುದು ಬೇಡವೆಂದು ಅವರು ಹೇಳಲಿ. ಕಾರಣವನ್ನು ಬಾನುಲಿಯಲ್ಲೇ ಪ್ರಸಾರ ಮಾಡಲಿ.

ಇದು ಅತಿಯಾದ ನಿರೀಕ್ಷೆಯೆನ್ನುವವರಿಗೆ ಇದೇ ಪುತ್ತೂರಿನ ಚರಿತ್ರೆಯನ್ನು ನೆನಪಿಸುತ್ತೇನೆ. ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಸಹಕಾರಿ ಚಳವಳಿಗೆ ನೆಲೆ ಹಾಕಿದ್ದು ಈ ಊರಿನಲ್ಲಿ. ಅಡಿಕೆಯ ಬೆಲೆ ಕುಸಿದಾಗ 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿತು. ಅದರ ಚಾಕೊಲೇಟ್ ಕಾರ್ಖಾನೆ ಪುತ್ತೂರಿನ ಕೆಮ್ಮಿಂಜೆಯಲ್ಲಿದೆ. 1988ರಲ್ಲಿ ಇಲ್ಲಿಂದಲೇ ಹೊರಟ ಅಡಿಕೆ ಪತ್ರಿಕೆ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ಹಳ್ಳಿಯ ಸಹಕಾರಿ ಸಂಘದ ಮಹಾಸಭೆಯಲ್ಲಿ ಒಂದು ಎಕರೆಯ ರೈತನೂ ಎದ್ದು ನಿಂತು, ಈ ಖರ್ಚು ಯಾಕಾಯಿತೆಂದು ಅಧ್ಯಕ್ಷರನ್ನು ಕೇಳುತ್ತಾನೆ. ಅಧ್ಯಕ್ಷರು ಉತ್ತರ ಕೊಡುತ್ತಾರೆ. ಲೆಕ್ಕ ಕೇಳುವುದು ಅವಮಾನವಲ್ಲವೆಂಬ ಈ ಸಂಪ್ರದಾಯ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಬಾನುಲಿಯ ಜಾಹೀರಾತು ದರಪಟ್ಟಿ ಸ್ಟುಡಿಯೋದ ಬಾಗಿಲಲ್ಲಿ ತೂಗಲಿ. ವರ್ಷಕ್ಕೊಮ್ಮೆ ಕೇಳುಗರ ಮಹಾಸಭೆ ಕರೆದು, ಯಾರಿಂದ ಎಷ್ಟು ಹಣ ಬಂತು, ಮಾತೃಸಂಸ್ಥೆಯ ಪ್ರಚಾರಕ್ಕೆ ಎಷ್ಟು ನಿಮಿಷ ಹೋಯಿತು, ಯಾವ ಜಾಹೀರಾತನ್ನು ಯಾಕೆ ನಿರಾಕರಿಸಲಾಯಿತು ಎಂದು ಓದಲಿ. ಓದಿದ್ದನ್ನು ಪ್ರಸಾರ ಮಾಡಲಿ.

ಸಹಕಾರಿ ಸಂಘಗಳಿಗೆ ಇನ್ನೊಂದು ಪಾತ್ರವೂ ಇದೆ. ಪ್ರತಿ ಗ್ರಾಮದ ಕೃಷಿ ಪತ್ತಿನ ಸಂಘ, ಹಾಲಿನ ಸಂಘಗಳು ತಮ್ಮ ಪ್ರಕಟಣೆಗಳಿಗಾಗಿ ವರ್ಷಕ್ಕೆ ಒಂದಿಷ್ಟು ನಿಮಿಷಗಳನ್ನು ಮುಂಗಡ ಕೊಂಡರೆ ಕೇಂದ್ರಕ್ಕೆ ಸ್ಥಿರವಾದ ಆದಾಯ ಸಿಗುತ್ತದೆ; ಹತ್ತಾರು ಸಣ್ಣ ಕೊಡುಗೆದಾರರಿರುವುದರಿಂದ ಯಾರ ಹಂಗೂ ದೊಡ್ಡದಾಗುವುದಿಲ್ಲ. ಸಣ್ಣ ಅಂಗಡಿಗಳಿಗೆ, ಸ್ವಸಹಾಯ ಗುಂಪಿನ ಹಪ್ಪಳ, ಉಪ್ಪಿನಕಾಯಿಗೆ ಕಡಿಮೆ ದರ ಇರಲಿ. ಜಾತ್ರೆ, ನೇಮ, ಉರೂಸು, ಚರ್ಚಿನ ಹಬ್ಬ, ಬಯಲಾಟಗಳ ಪ್ರಕಟಣೆಗೆ ದರವೇ ಬೇಡ. ಎಲ್ಲ ಮತದವರಿಗೂ ಒಂದೇ ಅಳತೆ ಇರಲಿ.

ಇಷ್ಟೆಲ್ಲ ಯಾಕೆ ಬೇಕೆಂದು ನೀವು ಕೇಳಬಹುದು. 2022ರ ಜೂನ್ ಕೊನೆಯಲ್ಲಿ ಸುಳ್ಯ ಮತ್ತು ಕೊಡಗಿನ ಗಡಿಯಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿತು. ಆಗಸ್ಟ್ ತಿಂಗಳಲ್ಲಿ ಸಂಪಾಜೆ, ಕಲ್ಲುಗುಂಡಿಗಳಲ್ಲಿ ನೆರೆ ಮನೆಗಳೊಳಗೆ ನುಗ್ಗಿತು. ಸುಬ್ರಹ್ಮಣ್ಯದ ಸುತ್ತ ಗುಡ್ಡ ಜರಿಯಿತು. ಕರೆಂಟು ಹೋಗಿ, ಮೊಬೈಲ್ ಗೋಪುರ ಮಲಗಿದಾಗ ಬ್ಯಾಟರಿ ರೇಡಿಯೋದ ಸಣ್ಣ ಧ್ವನಿ ಮನೆಬಿಟ್ಟು ಮೇಲೆ ಹೋಗಿ ಎಂದರೆ ಜನ ಹೊರಡಬೇಕು. ಆ ಒಂದು ಕ್ಷಣದ ನಂಬಿಕೆಯನ್ನು ವರ್ಷವಿಡೀ ಕಾಪಾಡಬೇಕಾಗುತ್ತದೆ. ನಿನ್ನೆ ಅದೇ ಧ್ವನಿ ಸುಳ್ಳು ಟಾನಿಕ್ಕು ಮಾರಿದ್ದರೆ ಇಂದು ಜನ ಹೊರಡಲಾರರು.

ಸುಳ್ಯ ಮತ್ತು ಕಡಬಗಳ ಕಣಿವೆಗಳಿಗೆ ಅವುಗಳದೇ ಬಾನುಲಿಗಳು ಬೇಕು. ಅಲ್ಲಿನ ಒಂದು ಸಹಕಾರಿ ಸಂಘವೋ ಸ್ವಯಂಸೇವಾ ಸಂಸ್ಥೆಯೋ ಕಾಲೇಜೋ ಅರ್ಹತೆ ನೋಡಿಕೊಂಡು ಅರ್ಜಿ ಹಾಕಲಿ. ಪರವಾನಗಿಯ ಅವಧಿ ಈಗ 10 ವರ್ಷ. ಅರ್ಜಿಯ ಜೊತೆಗೇ ತಮ್ಮ ಜಾಹೀರಾತು ನಿಯಮವನ್ನು ಒಂದು ಪುಟದಲ್ಲಿ ಬರೆದು ಊರಿನ ಗ್ರಾಮಸಭೆಯ ಮುಂದೆ ಓದಿ ಒಪ್ಪಿಗೆ ಪಡೆಯಲಿ. ಇಂಥ ಒಂದು ಪುಟದ ಕರಡನ್ನು ಕನ್ನಡ, ತುಳು, ಅರೆಭಾಷೆಗಳಲ್ಲಿ ಸಿದ್ಧಪಡಿಸುವ ಕೆಲಸವನ್ನು ಈ ಕಾಲೇಜಿನ ಪತ್ರಿಕೋದ್ಯಮ ಮತ್ತು ಕಾನೂನು ವಿದ್ಯಾರ್ಥಿಗಳು ಈ ವರ್ಷವೇ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. ನನ್ನಿಂದಾಗುವ ಸಹಾಯಕ್ಕೆ ನಾನು ಸಿದ್ಧನಿದ್ದೇನೆ.